ಆನೆ ಶಿಬಿರಕ್ಕೆ ನುಗ್ಗಿದ ಹೊಳೆ

ಘಟ್ಟದ ಬುಡದಲ್ಲಿ ಬೆಳೆದವರಿಗೆ ಹೊಳೆಯ ಈ ಬುದ್ಧಿ ಗೊತ್ತು. ಊರಲ್ಲಿ ಬಿಸಿಲು ಕಾಯುತ್ತಿರುತ್ತದೆ, ಮೇಲೆಲ್ಲೋ ಮಳೆ ಹೊಡೆದಿರುತ್ತದೆ. ನೀರು ಕದಡಿತು ಎನ್ನುವಷ್ಟರಲ್ಲಿ ಹೊಳೆ ದಡ ಮೀರಿರುತ್ತದೆ. 2010ರ ಮಾರ್ಚ್ 4ರಂದು ಕೆನ್ಯಾದ ಸಂಬುರು ಅಭಯಾರಣ್ಯದಲ್ಲಿ ಇವಾಸೋ ನಿರೋ ನದಿ ಹಾಗೆಯೇ ಏರಿ ಬಂತು. ದಡದಲ್ಲಿದ್ದ 'ಸೇವ್ ದಿ ಎಲಿಫೆಂಟ್ಸ್' ಸಂಸ್ಥೆಯ ಸಂಶೋಧನಾ ಶಿಬಿರವನ್ನು ಬಳಿದುಕೊಂಡು ಹೋಯಿತು. ಡೇರೆಗಳು ಹೋದವು, ಕಂಪ್ಯೂಟರ್‌ಗಳು ಹೋದವು. ಅಲ್ಲಿದ್ದವರು ಎತ್ತರಕ್ಕೆ ಓಡಿ ಜೀವ ಉಳಿಸಿಕೊಂಡರು.

ಸಂಬುರು ಒಣನಾಡು. ವರ್ಷಕ್ಕೆ ಬೀಳುವ ಮಳೆ ಸುಮಾರು 350 ಮಿಲಿಮೀಟರ್, ನಮ್ಮ ಬಯಲುಸೀಮೆಗಿಂತಲೂ ಕಡಿಮೆ. ಅಲ್ಲಿ ಹರಿಯುವ ನೀರು 5,199 ಮೀಟರ್ ಎತ್ತರದ ಕೆನ್ಯಾ ಪರ್ವತ ಮತ್ತು ಅಬರ್ಡೇರ್ ಬೆಟ್ಟಸಾಲಿನಿಂದ ಇಳಿದು ಬಂದದ್ದು. ಮಾಸಾಯಿ ಭಾಷೆಯಲ್ಲಿ ಈ ನದಿಯ ಹೆಸರಿಗೆ ಕಂದು ನೀರು ಎಂದೇ ಅರ್ಥ.

ಅದರ ಹಿಂದಿನ ವರ್ಷ, 2009ರಲ್ಲಿ, ಆ ಸೀಮೆಗೆ ಭೀಕರ ಬರ ಬಂದಿತ್ತು. ಮರಿಗಳೂ ಹಿರಿಯ ಹೆಣ್ಣಾನೆಗಳೂ ಸತ್ತವು. ಬರ ಕಳೆದು ನೆರೆ ಬಂದದ್ದು ವಿಧಿಯಾಟದಂತೆ ಕಂಡರೂ ಎರಡಕ್ಕೂ ನಂಟಿದೆ. ಹುಲ್ಲಿದ್ದ ನೆಲದಲ್ಲಿ ಹನಿ ಮೊದಲು ಎಲೆಯ ಮೇಲೆ ಬಿದ್ದು, ಬೇರಿನ ಗುಂಟ ಮೆಲ್ಲಗೆ ಇಂಗುತ್ತದೆ. ಹುಲ್ಲು ಸತ್ತು ಬೋಳಾದ ನೆಲಕ್ಕೆ ಹನಿ ನೇರ ಬಡಿಯುತ್ತದೆ. ಎದ್ದ ನುಣ್ಣನೆಯ ಮಣ್ಣು ರಂಧ್ರಗಳಲ್ಲಿ ಕೂತು, ಮೇಲ್ಮೈ ಸಾರಿಸಿದ ಅಂಗಳದಂತೆ ಗಟ್ಟಿಯಾಗುತ್ತದೆ. ಇಂಗಬೇಕಾದ ನೀರು ಒಟ್ಟಿಗೇ ಹಳ್ಳ ಸೇರುತ್ತದೆ. ಒಂದು ಘನ ಮೀಟರ್ ನೀರು ಒಂದು ಟನ್ ತೂಗುತ್ತದೆ. ಅದರ ವೇಗ ಎರಡರಷ್ಟಾದರೆ ಎದುರಿದ್ದುದನ್ನು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಬಟ್ಟೆಯ ಡೇರೆ ಅದಕ್ಕೆ ಯಾವ ಲೆಕ್ಕ?

ಹಾಗಾದರೆ ದಡದಲ್ಲೇಕೆ ಶಿಬಿರ? ಒಣನಾಡಿನಲ್ಲಿ ನೀರೂ ನೆರಳೂ ಇರುವುದು ಅಲ್ಲೇ, ಆನೆಗಳು ಬರುವುದೂ ಅಲ್ಲಿಗೇ. ಅಧ್ಯಯನಕ್ಕೆ ಅನುಕೂಲವಾದ ಜಾಗವೇ ಅಪಾಯದ ಜಾಗವೂ ಆಗಿರುತ್ತದೆ.

ಆನೆ ಸಂಶೋಧಕ ಇಯಾನ್ ಡಗ್ಲಸ್-ಹ್ಯಾಮಿಲ್ಟನ್ 1960ರ ದಶಕದಲ್ಲಿ ಟಾಂಜಾನಿಯಾದ ಮನ್ಯಾರಾದಲ್ಲಿ ಆನೆಗಳನ್ನು ಒಂದೊಂದಾಗಿ ಗುರುತು ಹಿಡಿಯತೊಡಗಿದರು. 1993ರಲ್ಲಿ 'ಸೇವ್ ದಿ ಎಲಿಫೆಂಟ್ಸ್' ಸಂಸ್ಥೆ ಕಟ್ಟಿದರು. ಸಂಬುರುವಿನಲ್ಲಿ ಜಾರ್ಜ್ ವಿಟೆಮೈಯರ್ 1997ರಿಂದ ಅದೇ ಬಗೆಯ ದಾಖಲೆ ಕಟ್ಟುತ್ತ ಬಂದರು. ಅಲ್ಲಿನ ಆನೆ ಕುಟುಂಬಗಳಿಗೆ 'ರಾಯಲ್ಸ್', 'ವರ್ಚ್ಯೂಸ್' ಎಂಬಂಥ ಹೆಸರುಗಳಿವೆ. ದಾಖಲೆ ಎಂದರೆ ಏನು? ಬಲಗಿವಿಯ ಅಂಚಿನಲ್ಲಿ ಉಗುರಗಲ ಹರಕು, ಮೇಲ್ಗಡೆ ಬೆಳಕು ತೂರುವಷ್ಟು ತೂತು, ಎಡದಂತ ಕೊಂಚ ಮೊಂಡು. ಪಕ್ಕದಲ್ಲಿ ತಾರೀಖು, ಜೊತೆಗಿದ್ದವರು ಯಾರು, ಮರಿ ಎಷ್ಟು. ಇಂಥ ಸಾಲುಗಳು ವರ್ಷಗಟ್ಟಲೆ ಸೇರಿದ ಮೇಲಷ್ಟೇ ತಾಯಿ ಸತ್ತರೆ ಮರಿಗೆ ಏನಾಗುತ್ತದೆ, ಬರ ಬಂದಾಗ ಹಿಂಡನ್ನು ಯಾರು ನಡೆಸುತ್ತಾರೆ ಎಂದು ಹೇಳಲು ಬರುವುದು.

ಆನೆಯ ಕೊರಳಪಟ್ಟಿ ಮೊಬೈಲ್ ಜಾಲದ ಮೂಲಕ ಕಳಿಸುವ ಜಿಪಿಎಸ್ ಮಾಹಿತಿ ದೂರದ ಸರ್ವರ್ ಸೇರಿಬಿಡುತ್ತದೆ. ಹೊಳೆಗೆ ಅದು ಎಟುಕದು. ಕೈಬರಹದ ಪುಸ್ತಕಕ್ಕೆ ಆ ಭಾಗ್ಯವಿಲ್ಲ. ಡೇರೆ ಮತ್ತೆ ಹೊಲಿಸಬಹುದು, ಕಂಪ್ಯೂಟರ್ ಕೊಳ್ಳಬಹುದು. 2003ರ ಜುಲೈನ ಒಂದು ಬೆಳಿಗ್ಗೆ ಯಾವ ಆನೆ ಯಾರ ಪಕ್ಕ ನಿಂತಿತ್ತು ಎಂಬುದನ್ನು ಯಾವ ಹಣವೂ ಮರಳಿ ತರುವುದಿಲ್ಲ.

ನಮ್ಮಲ್ಲೂ ನಾಗರಹೊಳೆ, ಬಂಡೀಪುರಗಳಲ್ಲಿ ಕಬಿನಿ ಆನೆ ಅಧ್ಯಯನ 2009ರಲ್ಲಿ ಶುರುವಾಗಿ, ಕಿವಿ, ಬಾಲ, ದಂತ ನೋಡಿಯೇ ಆನೆಗಳ ಗುರುತು ಹಿಡಿಯುತ್ತ ಬಂದಿದೆ. ನಮ್ಮ ಕಾಡುಗಳಲ್ಲಿ ಹೊಳೆ, ಹಿನ್ನೀರಿನ ಪಕ್ಕ ಕೂತು ಟಿಪ್ಪಣಿ ಬರೆಯುವ ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ: ಇವತ್ತಿನ ಪುಟದ ಫೋಟೋ ಇವತ್ತೇ ತೆಗೆಯಿರಿ. ಸಿಗ್ನಲ್ ಸಿಕ್ಕ ಮೊದಲ ಜಾಗದಿಂದ ಊರಿಗೆ ಕಳಿಸಿಬಿಡಿ. ಮೂಲ ಪುಸ್ತಕ ಶಿಬಿರದ ಅತಿ ಎತ್ತರದ ಜಾಗದಲ್ಲಿರಲಿ.