ಶ್ರೀ ಕುಮಾರಪ್ಪನವರ ರಾಜಸ್ವ ವಿಚಾರ

ಸರಕಾರದ ಆಯವ್ಯಯ ಪತ್ರವೆಂದರೆ ನಮ್ಮ ವಿದ್ಯಾವಂತರಲ್ಲಿ ಬಹುಮಂದಿಗೆ ವರ್ಷಕ್ಕೊಮ್ಮೆ ಕಾಣಿಸಿಕೊಂಡು, ಯಾವ ಪದಾರ್ಥದ ಬೆಲೆ ಏರಿತು, ಯಾವುದರದು ಇಳಿಯಿತು ಎಂಬಷ್ಟನ್ನು ತಿಳಿಸಿ ಮರೆಯಾಗತಕ್ಕ ಅಂಕಿಗಳ ಅರಣ್ಯವೇ ಸರಿ. ಆ ಅರಣ್ಯವನ್ನು ಹೊಕ್ಕು, ಅದರೊಳಗಿಂದಲೇ ಹಳ್ಳಿಯ ಗುಡಿಸಲಿಗೆ ದಾರಿ ಕಂಡುಕೊಂಡವರು ಅತಿ ವಿರಳ. ಅಂತಹ ವಿರಳರಲ್ಲಿ ಶ್ರೀ ಜೋಸೆಫ್ ಚೆಲ್ಲದುರೈ ಕುಮಾರಪ್ಪನವರು ಅಗ್ರಗಣ್ಯರೆಂದು ನಾವು ಭಾವಿಸುತ್ತೇವೆ. ಅವರನ್ನು ಗಾಂಧೀಜಿಯವರ ಅನುಯಾಯಿಗಳೆಂದೂ, ಗ್ರಾಮೋದ್ಯೋಗದ ಪ್ರಚಾರಕರೆಂದೂ ನೆನೆಯುವವರು ಇಂದಿಗೂ ಉಂಟು. ಆದರೆ ಅವರು ಮೊದಲಿಗೆ ಲೆಕ್ಕಪರಿಶೋಧಕರು, ಅನಂತರ ರಾಜಸ್ವಶಾಸ್ತ್ರದ ಸಂಶೋಧಕರು ಎಂಬುದನ್ನು ಮರೆತರೆ ಅವರ ಉಳಿದೆಲ್ಲ ಕಾರ್ಯದ ತಿರುಳು ಕೈಗೆ ಸಿಕ್ಕುವುದಿಲ್ಲ.

೧೮೯೨ನೆಯ ಜನವರಿ ೪ರಂದು ತಂಜಾವೂರಿನಲ್ಲಿ, ಕ್ರೈಸ್ತ ಮನೆತನವೊಂದರಲ್ಲಿ ಹುಟ್ಟಿದ ಇವರು ಮೊದಮೊದಲು ಕಾರ್ನೀಲಿಯಸ್ ಎಂಬ ಮನೆತನದ ಹೆಸರಿನಿಂದಲೇ ಪ್ರಸಿದ್ಧರಾಗಿದ್ದರು. ಲಂಡನ್ನಿನಲ್ಲಿ ಲೆಕ್ಕಪರಿಶೋಧನೆಯನ್ನು ಕಲಿತು, ಮುಂಬಯಿಯಲ್ಲಿ ಸ್ವಂತ ಕಚೇರಿಯನ್ನು ತೆರೆದು, ಉಡುಪು ಊಟ ನಡೆನುಡಿಗಳಲ್ಲೆಲ್ಲ ಪೂರ್ಣ ಪಾಶ್ಚಾತ್ಯರಾಗಿದ್ದರು. ಇಂತಹವರ ಜೀವನವು ತಿರುವು ಪಡೆದುದು ಯಾವ ರಾಜಕೀಯ ಸಭೆಯಲ್ಲಿಯೂ ಅಲ್ಲ. ೧೯೨೭ರಲ್ಲಿ ಅಮೇರಿಕಕ್ಕೆ ಹೋಗಿ, ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ವ್ಯಾಪಾರಾಡಳಿತದ ಪದವಿಯನ್ನು ಪಡೆದು, ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಸೇರಿದ್ದಾಗ, ಹಿಂದೂಸ್ಥಾನವು ಏತಕ್ಕೆ ಬಡದೇಶವಾಗಿದೆಯೆಂಬ ವಿಷಯವಾಗಿ ಅವರು ಅಲ್ಲಿನ ಚರ್ಚೊಂದರಲ್ಲಿ ಭಾಷಣ ಮಾಡಿದರು. ಅದರ ವರದಿಯು ಪತ್ರಿಕೆಯಲ್ಲಿ ಬಂದುದು ಪ್ರೊಫೆಸರ್ ಸೆಲಿಗ್ಮನ್ನರ ಕಣ್ಣಿಗೆ ಬಿದ್ದಿತು. ಕರವಿಧಾನದ ವಿಷಯದಲ್ಲಿ ಅಂದಿನ ಜಗತ್ತೇ ಪ್ರಮಾಣವೆಂದು ಒಪ್ಪುತ್ತಿದ್ದ ಪಂಡಿತರು ಅವರು. ಭಾರತದ ದಾರಿದ್ರ್ಯದ ಕಾರಣವನ್ನು ಸರಕಾರದ ಲೆಕ್ಕಪತ್ರಗಳಲ್ಲಿಯೇ ಹುಡುಕಿ ಪ್ರಬಂಧ ಬರೆಯಬೇಕೆಂದು ಶಿಷ್ಯನಿಗೆ ಅವರೇ ಸೂಚಿಸಿದರು. ಆಂಗ್ಲರ ಆಳ್ವಿಕೆಯಲ್ಲಿ ಹೆಚ್ಚು ಅತೃಪ್ತಿಯನ್ನೇನೂ ಕಾಣದೆ ಹೋಗಿದ್ದವರು ಅಂಕಿಗಳನ್ನು ಓದುತ್ತ ಓದುತ್ತ ರಾಷ್ಟ್ರೀಯರಾದರು. ಭಾಷಣ ಕೇಳಿ ದೇಶಭಕ್ತರಾದವರನ್ನು ನಾವು ಬಲ್ಲೆವು; ಜಮಾಖರ್ಚಿನ ಪುಸ್ತಕವನ್ನು ಓದಿ ದೇಶಭಕ್ತರಾದವರು ಅಪರೂಪ.

ಆ ಪ್ರಬಂಧದ ವಾದವು ಸರಳವಾದದ್ದು. ಪ್ರಜೆಯಿಂದ ಎಷ್ಟು ವಸೂಲಾಯಿತೆಂಬುದು ಅರ್ಧ ಪ್ರಶ್ನೆ ಮಾತ್ರ. ವಸೂಲಾದದ್ದು ಯಾರ ಕೈಗೆ ಹೋಯಿತು, ಎಲ್ಲಿ ಖರ್ಚಾಯಿತು ಎಂಬುದು ಉಳಿದರ್ಧ. ಸೂರ್ಯನು ಕೆರೆಕುಂಟೆಗಳ ನೀರನ್ನು ಹೀರಿ ಅದೇ ನೆಲಕ್ಕೆ ಮಳೆಯಾಗಿ ಸುರಿಸುವಂತೆ ಅರಸನು ಕರವನ್ನೆತ್ತಬೇಕೆಂದು ನಮ್ಮ ಹಿಂದಿನವರು ಹೇಳುತ್ತಿದ್ದರಷ್ಟೆ. ಬ್ರಿಟಿಷ್ ಆಡಳಿತದಲ್ಲಿ ಹೀರುವ ಕಾರ್ಯವು ನಮ್ಮ ಹೊಲದಲ್ಲಿಯೂ ಸುರಿಯುವ ಕಾರ್ಯವು ಬೇರೆ ದೇಶದಲ್ಲಿಯೂ ನಡೆಯುತ್ತಿತ್ತು. ಸೈನ್ಯ, ಸಾಲದ ಬಡ್ಡಿ, ದೊಡ್ಡ ಸಂಬಳದ ಅಧಿಕಾರವರ್ಗ, ಇವುಗಳಿಗೆ ಸಿಂಹಪಾಲು ಸಂದು, ವಿದ್ಯೆ ಆರೋಗ್ಯ ಕೃಷಿಗಳಿಗೆ ಉಳಿಯುತ್ತಿದ್ದುದು ಎಂಜಲು. ಹೀಗಿರಲು ಉಳುವವನ ಉತ್ಪಾದನಶಕ್ತಿಯು ಬೆಳೆಯುವುದಾದರೂ ಹೇಗೆ, ಅದು ಬೆಳೆಯದೆ ಮುಂದಿನ ವರ್ಷದ ಕರವು ಹುಟ್ಟುವುದಾದರೂ ಎಲ್ಲಿಂದ ಎಂದು ಕುಮಾರಪ್ಪನವರು ಕೇಳಿದರು. ಗಾಂಧೀಜಿಯವರು ಈ ಪ್ರಬಂಧವನ್ನು ತಮ್ಮ ಯಂಗ್ ಇಂಡಿಯಾದಲ್ಲಿ ಕ್ರಮವಾಗಿ ಪ್ರಕಟಿಸಿದರು; ೧೯೩೦ರಲ್ಲಿ ಅದು ಪುಸ್ತಕರೂಪವಾಗಿ ಹೊರಬಂದಿತು.

ಇಬ್ಬರ ಪ್ರಥಮ ಭೇಟಿಯು ೧೯೨೯ನೆಯ ಮೇ ೯ರಂದು ಸಾಬರಮತಿಯಲ್ಲಿ ನಡೆಯಿತು. ಪಾಶ್ಚಾತ್ಯ ವೇಷದಲ್ಲಿಯೇ ಬಂದ ಲೆಕ್ಕಪರಿಶೋಧಕರು ನಿಗದಿಯಾದ ಹೊತ್ತಿಗೆ ಇನ್ನೂ ಸಮಯವಿದ್ದುದರಿಂದ ಹೊಳೆಯ ದಂಡೆಯಲ್ಲಿ ಅಡ್ಡಾಡುತ್ತಿರಲಾಗಿ, ಮರದ ಕೆಳಗೆ ನೂಲುತ್ತಿದ್ದ ವೃದ್ಧರೊಬ್ಬರನ್ನು ಕಂಡು ಸುಮ್ಮನೆ ನೋಡುತ್ತ ನಿಂತರಂತೆ. ಆ ವೃದ್ಧರೇ ಇವರನ್ನು ಹೆಸರು ಹಿಡಿದು ವಿಚಾರಿಸಿದಾಗ ಕುಮಾರಪ್ಪನವರು ಸಗಣಿ ಸಾರಿಸಿದ ನೆಲದ ಮೇಲೆ ಕುಳಿತುಬಿಟ್ಟರು. ಹಳ್ಳಿಯ ಸಂಪತ್ತಿನ ಸಮೀಕ್ಷೆಯೊಂದನ್ನು ಮಾಡಿಕೊಡಬೇಕೆಂದು ಗಾಂಧೀಜಿ ಕೇಳಿದರು. ಗುಜರಾತಿ ಭಾಷೆ ಬಾರದವರು ಗುಜರಾತಿನ ಹಳ್ಳಿಯನ್ನು ಹೇಗೆ ಅಳೆದಾರೆಂಬ ಆಕ್ಷೇಪವು ಎದ್ದಿತು, ಅದು ಸಹಜವೇ. ಕಡೆಗೆ ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ೧೯೨೯ರ ಕೊನೆಯಲ್ಲಿ ಖೇಡಾ ಜಿಲ್ಲೆಯ ಮಾತರ ತಾಲ್ಲೂಕಿಗೆ ಹೊರಟರು.

ಮಾತರದ ಸಮೀಕ್ಷೆಯನ್ನು ನಾವು ಇಲ್ಲಿ ವಿಶೇಷವಾಗಿ ನೆನೆಯುವುದಕ್ಕೆ ಕಾರಣವಿದೆ. ಭೂಕಂದಾಯವನ್ನು ನಿಷ್ಕರ್ಷೆ ಮಾಡುವಾಗ ಸರಕಾರವು ನೆಲವನ್ನು ಅಳೆಯುತ್ತಿತ್ತು, ಮಣ್ಣಿನ ದರ್ಜೆಯನ್ನು ಬರೆಯುತ್ತಿತ್ತು, ಬೆಳೆಯನ್ನು ಅಂದಾಜು ಮಾಡುತ್ತಿತ್ತು. ಬೆಳೆದವನ ಮನೆಯಲ್ಲಿ ವರ್ಷದ ಕೊನೆಗೆ ಏನು ಉಳಿಯಿತೆಂದು ಮಾತ್ರ ಕೇಳುತ್ತಿರಲಿಲ್ಲ. ಕುಮಾರಪ್ಪನವರು ಕೇಳಿದ್ದು ಅದನ್ನೇ. ಬೀಜ, ಗೊಬ್ಬರ, ಎತ್ತಿನ ಮೇವು, ಸಾಲದ ಬಡ್ಡಿ, ಮನೆಮಂದಿಯ ಕೂಲಿ ಇವೆಲ್ಲವನ್ನೂ ವ್ಯಾಪಾರಿಯ ಪುಸ್ತಕದಲ್ಲಿ ಬರೆಯುವಂತೆ ಬರೆದು ಕಳೆದರೆ, ಕಂದಾಯಕ್ಕೆ ಆಧಾರವೆನ್ನಲಾದ ನಿವ್ವಳ ಉತ್ಪನ್ನವು ಬಹು ಕುಟುಂಬಗಳಲ್ಲಿ ಇರಲೇ ಇಲ್ಲ. ಇಲ್ಲದ ಲಾಭದ ಮೇಲೆ ಇರುವ ತೆರಿಗೆ! ಕಚೇರಿಗಳಲ್ಲಿ ಕುಳಿತು ಅಂಕಿಗಳನ್ನು ಕೂಡುವ ನಮ್ಮ ಅಧಿಕಾರಿ ಮಿತ್ರರು ಈ ವರದಿಯನ್ನು ಇಂದಿಗೂ ಓದಬಹುದು; ಮನೆಮನೆಯ ಲೆಕ್ಕವೆಂದರೆ ಏನೆಂಬುದು ಅದರಿಂದ ತಿಳಿಯುತ್ತದೆ.

ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ಯಂಗ್ ಇಂಡಿಯಾವನ್ನು ನಡೆಯಿಸಿ ಅವರು ಸೆರೆಮನೆಗೆ ಹೋದದ್ದು, ಬಂದದ್ದು, ಮತ್ತೆ ಹೋದದ್ದು, ಇದೆಲ್ಲ ಆ ಕಾಲದ ಅನೇಕರ ಕಥೆಯೇ. ೧೯೩೧ರ ಒಂದು ಕೆಲಸವನ್ನು ಮಾತ್ರ ಬಿಡುವಂತಿಲ್ಲ. ಇಂಗ್ಲಂಡಿಗೂ ಭಾರತಕ್ಕೂ ನಡುವಣ ಹಣದ ಹೊಣೆಗಳನ್ನು ಪರಿಶೀಲಿಸಲು ಕಾಂಗ್ರೆಸ್ಸು ನೇಮಿಸಿದ ಸಮಿತಿಯಲ್ಲಿ ಬಹಾದುರ್ಜಿ, ಭೂಲಾಭಾಯಿ ದೇಸಾಯಿ, ಕೆ. ಟಿ. ಶಹಾ ಇವರೊಡನೆ ಕುಮಾರಪ್ಪನವರು ಸಂಚಾಲಕರಾಗಿದ್ದರು. ನಮ್ಮ ತಲೆಯ ಮೇಲೆ ಹೊರಿಸಿದ್ದ ಸಾರ್ವಜನಿಕ ಸಾಲದಲ್ಲಿ ನಮ್ಮ ಹಿತಕ್ಕಾಗಿ ಮಾಡಿದ್ದೆಷ್ಟು, ಸಾಮ್ರಾಜ್ಯದ ಯುದ್ಧಗಳಿಗಾಗಿ ಮಾಡಿದ್ದೆಷ್ಟು ಎಂದು ಆ ವರದಿಯು ವಿಂಗಡಿಸಿ ತೋರಿಸಿತು. ಮೊದಲನೆಯ ಮಹಾಯುದ್ಧದಲ್ಲಿ ಭಾರತವು ‘ದಾನ’ವಾಗಿ ಕೊಟ್ಟಿತೆಂದು ಬರೆದುಕೊಂಡಿದ್ದ ಹತ್ತು ಕೋಟಿ ಪೌಂಡುಗಳ ಮಾತೂ ಅದರಲ್ಲಿ ಬಂದಿತು. ದಾನ ಮಾಡಿದವನನ್ನು ಕೇಳದೆ ದಾನವಾಗುವುದು ಎಲ್ಲಿಯ ಧರ್ಮ?

೧೯೩೪ನೆಯ ಜನವರಿ ೧೫ರ ಬಿಹಾರದ ಭೂಕಂಪದ ಅನಂತರ ಬಾಬು ರಾಜೇಂದ್ರಪ್ರಸಾದರ ಪರಿಹಾರ ಸಮಿತಿಗೆ ಲೆಕ್ಕದ ಸಲಹೆಗಾರರಾಗಿ ಹೋದಾಗ ನಡೆದ ಸಂಗತಿಯು ಅವರ ಸ್ವಭಾವವನ್ನು ತೋರಿಸುತ್ತದೆ. ಸಂತ್ರಸ್ತರಿಗಾಗಿ ಬಂದ ಹಣದಲ್ಲಿ ಕಾರ್ಯಕರ್ತರ ಊಟಕ್ಕೆ ದಿನಕ್ಕಿಷ್ಟೆಂದು ಅವರು ಕಟ್ಟುಮಾಡಿದ್ದರು. ಗಾಂಧೀಜಿಯೂ ಅವರ ಪರಿವಾರವೂ ಬಂದಾಗ ಅವರ ಹಣ್ಣುಹಾಲುಗಳ ಖರ್ಚನ್ನು ಈ ನಿಧಿಯಿಂದ ಕೊಡಲಾಗದೆಂದು ಕುಮಾರಪ್ಪನವರು ಕಡ್ಡಿ ಮುರಿದಂತೆ ಹೇಳಿದರು. ಗಾಂಧೀಜಿ ಅದನ್ನು ಒಪ್ಪಿ ಬೇರೆ ಏರ್ಪಾಡು ಮಾಡಿಕೊಂಡರು. ಅವರು ಮುಂಗೋಪಿಗಳೆಂದು ಹೇಳುವವರಿದ್ದರು, ಅದು ಸುಳ್ಳೆನ್ನಲಾಗದು. ಆದರೆ ಸಾರ್ವಜನಿಕ ನಿಧಿಯ ಬೀಗದ ಕೈ ಇಂತಹ ಮುಂಗೋಪಿಗಳ ಸೊಂಟದಲ್ಲಿರುವುದು ಮೇಲೆಂದೇ ನಮ್ಮ ಮತ.

ಅದೇ ವರ್ಷದ ಕೊನೆಗೆ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಸ್ಥಾಪಿತವಾಗಿ, ವರ್ಧಾದ ಮಗನ್‌ವಾಡಿಯಲ್ಲಿ ಅದರ ಭಾರವು ಇವರ ಹೆಗಲಿಗೆ ಬಂದಿತು. ಪಾಲಿಷು ಮಾಡಿದ ಅಕ್ಕಿ, ಎಣ್ಣೆಯ ಗಾಣ, ಜೇನು, ಕೈಕಾಗದ, ಸೀಮೆಎಣ್ಣೆಗೆ ಬದಲಾಗಿ ಊರ ಎಣ್ಣೆಯಿಂದ ಉರಿಯುವ ಮಗನ್ ದೀಪ, ಇವು ಸಣ್ಣ ಸಂಗತಿಗಳೆಂದು ನಕ್ಕವರು ಬಹಳ. ಅಕ್ಕಿಯ ತೌಡಿನೊಡನೆ ಪೌಷ್ಟಿಕಾಂಶವು ಹೊರಟುಹೋಗುವುದು ಆರೋಗ್ಯದ ಪ್ರಶ್ನೆ. ಕುಟ್ಟುವ ಹೆಂಗಸಿನ ಕೂಲಿ ಹೋಗುವುದು ಉದ್ಯೋಗದ ಪ್ರಶ್ನೆ. ದೀಪದ ಎಣ್ಣೆಗೆ ಹಣವು ಸಮುದ್ರ ದಾಟುವುದು ರಾಜಸ್ವದ ಪ್ರಶ್ನೆ. ಕೊಲಂಬಿಯಾದ ವಿದ್ಯಾರ್ಥಿಗೆ ಮೂರೂ ಒಂದೇ ಪುಟದ ಲೆಕ್ಕಗಳಾಗಿ ಕಂಡವು. ಹಣವು ಕೊಳೆಯದು, ಬಾಳೆಯ ಹಣ್ಣು ಕೊಳೆಯುತ್ತದೆ. ಆದುದರಿಂದ ಸಂತೆಯಲ್ಲಿ ಹಣ ಹಿಡಿದವನು ಸಂಜೆಯವರೆಗೆ ಕಾಯಬಲ್ಲ, ಹಣ್ಣು ಹೊತ್ತವಳು ಕಾಯಲಾರಳು ಎಂಬ ಅವರ ಮಾತಿನ ಹುರುಳು ಸಂತೆಗೆ ಹೋದವರಿಗೆಲ್ಲ ಗೊತ್ತು.

೧೯೪೨ರ ಅನಂತರದ ಸೆರೆವಾಸದಲ್ಲಿ, ಜಬ್ಬಲ್‌ಪುರದ ಕಾರಾಗೃಹದಲ್ಲಿ, ಅವರು ಬರೆದ ಗ್ರಂಥವು ಶಾಶ್ವತವಾದ ಅರ್ಥವ್ಯವಸ್ಥೆಯನ್ನು ಕುರಿತದ್ದು; ೧೯೪೫ರಲ್ಲಿ ಗಾಂಧೀಜಿಯವರ ಮುನ್ನುಡಿಯೊಡನೆ ಪ್ರಕಟವಾಯಿತು. ಹುಲಿಯು ಕೊಂದು ತಿನ್ನುತ್ತದೆ, ಕೋತಿಯು ಬೆಳೆಸದೆ ತಿನ್ನುತ್ತದೆ, ಜೇನ್ನೊಣವು ಹೂವಿನಿಂದ ಪಡೆದು ಹೂವಿಗೆ ಕಾಯಿಗಟ್ಟುವ ಉಪಕಾರವನ್ನು ಮಾಡುತ್ತದೆ, ತನ್ನೊಬ್ಬಳಿಗಲ್ಲದೆ ಗೂಡಿಗೆಲ್ಲ ಕೂಡಿಡುತ್ತದೆ, ತಾಯಿಹಕ್ಕಿಯು ಪ್ರತಿಫಲವಿಲ್ಲದೆ ಮರಿಗೆ ಉಣಿಸುತ್ತದೆ. ಮನುಷ್ಯರ ಅರ್ಥವ್ಯವಸ್ಥೆಗಳನ್ನೂ ಈ ಕ್ರಮದಲ್ಲಿ ಅಳೆಯಬಹುದೆಂದು ಅವರ ವಿಚಾರ. ಅದಕ್ಕಿಂತಲೂ ನಮಗೆ ಮುಖ್ಯವಾಗಿ ತೋರುವುದು ಇನ್ನೊಂದು ಭೇದ. ಕಲ್ಲಿದ್ದಲು, ಪೆಟ್ರೋಲು, ಲೋಹದ ಅದುರು ಇವು ತುಂಬಿಟ್ಟ ಕಣಜ; ತೆಗೆದಷ್ಟೂ ತಗ್ಗುತ್ತವೆ. ಹರಿಯುವ ನೀರು, ಬೆಳೆಯುವಷ್ಟನ್ನೇ ಕಡಿಯುವ ಕಾಡು ಇವು ಹರಿವು. ಎಚ್ಚರದಿಂದ ಬಳಸಿದರೆ ಮೊಮ್ಮಕ್ಕಳಿಗೂ ಉಂಟು. ಕಣಜವನ್ನು ನಂಬಿ ಕಟ್ಟಿದ ನಾಗರಿಕತೆಯು ಕಣಜಕ್ಕಾಗಿ ಕಾದಾಡದೆ ವಿಧಿಯಿಲ್ಲವೆಂದು ಮಹಾಯುದ್ಧವು ನಡೆಯುತ್ತಿದ್ದಾಗಲೇ ಅವರು ಬರೆದರು. ಕೂತು ಉಂಡರೆ ಕುಡಿಕೆ ಹೊನ್ನು ಸಾಲದೆಂಬ ನಮ್ಮ ಗಾದೆಯನ್ನು ಅವರು ರಾಷ್ಟ್ರದ ಲೆಕ್ಕಕ್ಕೆ ಅನ್ವಯಿಸಿದರೆಂದು ಹೇಳಬಹುದು. ಜರ್ಮನಿಯಲ್ಲಿ ಹುಟ್ಟಿ ಇಂಗ್ಲಂಡಿನಲ್ಲಿ ನೆಲಸಿದ ಅರ್ಥಶಾಸ್ತ್ರಜ್ಞ ಶೂಮಾಕರರು ೧೯೭೩ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಕುಮಾರಪ್ಪನವರನ್ನು ಉದ್ಧರಿಸಿದ ಮೇಲೆ ನಮ್ಮ ದೇಶದ ಪಂಡಿತರು ಕೆಲವರು ಅವರನ್ನು ಓದಲಾರಂಭಿಸಿದರು. ನಮ್ಮ ಮನೆಯ ದೀಪವನ್ನು ನೆರೆಯವರು ಹೊಗಳಿದ ಮೇಲೆ ನೋಡುವ ಈ ಅಭ್ಯಾಸವು ಹಳೆಯದು.

ಅವರು ಹೇಳಿದ್ದೆಲ್ಲವೂ ವೇದವಾಕ್ಯವೆಂದು ನಾವು ಸಾಧಿಸಹೊರಟಿಲ್ಲ. ಒಂದು ಲಕ್ಷ ಜನರ ಆಹಾರಕ್ಕೆ ಯಾವ ಧಾನ್ಯಕ್ಕೆ ಎಷ್ಟು ಎಕರೆ ಬೇಕೆಂದು ಲೆಕ್ಕಹಾಕಿ, ಅದಕ್ಕನುಸಾರವಾಗಿ ನೆಲಕ್ಕೆ ಬೆಳೆಯ ಪರವಾನಗಿ ಕೊಡಬೇಕೆಂದು ಅವರು ಸೂಚಿಸಿದರು. ಕಾರ್ಖಾನೆಗಾಗಿ ಕಬ್ಬು ಬೆಳೆಯುವುದನ್ನು ಅವರು ಮೆಚ್ಚಲಿಲ್ಲ. ೧೯೩೩ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪೆನಿಯಿಂದ ಮನೆ ಕಟ್ಟಿ ಮಕ್ಕಳನ್ನು ಓದಿಸಿದ ಮಂಡ್ಯದ ರೈತನು ಇದನ್ನು ಒಪ್ಪಲಾರನು. ಪರವಾನಗಿ ಕೊಡತಕ್ಕ ಅಧಿಕಾರಿ ಎಂತಹವನಾದಾನೆಂಬುದನ್ನು ಕುಮಾರಪ್ಪನವರು ಸಾಕಷ್ಟು ಯೋಚಿಸಿದಂತೆಯೂ ಕಾಣುವುದಿಲ್ಲ. ೧೯೩೮ರಲ್ಲಿ ನೇಮಕವಾದ ರಾಷ್ಟ್ರೀಯ ಯೋಜನಾ ಸಮಿತಿಯನ್ನು ಸೇರಿ, ಬೃಹದ್ಯಂತ್ರಗಳ ಕಡೆಗೇ ಅದರ ಒಲವೆಂದು ಕಂಡು ಬೇಗನೆ ಹೊರಬಂದರು. ಒಳಗಿದ್ದು ವಾದಿಸಿದ್ದರೆ ಮೇಲಾಗುತ್ತಿತ್ತೆಂದು ನಮಗೆ ತೋರುತ್ತದೆ. ಸ್ವಾತಂತ್ರ್ಯದ ಮೇಲೆ ಕಾಂಗ್ರೆಸ್ಸಿನ ಭೂಸುಧಾರಣಾ ಸಮಿತಿಯ ಅಧ್ಯಕ್ಷರಾಗಿ ೧೯೪೯ರಲ್ಲಿ ಕೊಟ್ಟ ವರದಿಯಾದರೋ ಗಟ್ಟಿಯಾದ ಕೆಲಸ. ಉಳುವವನಿಗೂ ಸರಕಾರಕ್ಕೂ ನಡುವೆ ಮಧ್ಯವರ್ತಿ ಕೂಡದು, ವಿಧವೆಯರು ಅಪ್ರಾಪ್ತರು ಅಶಕ್ತರನ್ನುಳಿದು ಯಾರೂ ಭೂಮಿಯನ್ನು ಗೇಣಿಗೆ ಕೊಡಕೂಡದು ಎಂಬುದು ಅದರ ಸಾರ. ಕಾಲು ಶತಮಾನದ ಬಳಿಕ, ೧೯೭೪ರಲ್ಲಿ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣಾ ತಿದ್ದುಪಡಿಯು ಗೇಣಿಪದ್ಧತಿಯನ್ನು ತೆಗೆದುಹಾಕಿದಾಗ ಅದೇ ವಿಚಾರವು ನಮ್ಮಲ್ಲಿ ಶಾಸನವಾಯಿತು. ಕುಮಾರಪ್ಪನವರು ಅದನ್ನು ನೋಡಲಿಲ್ಲ. ಮಧುರೆಯ ಸೀಮೆಯ ಕಲ್ಲುಪಟ್ಟಿಯ ಗಾಂಧಿನಿಕೇತನದಲ್ಲಿ ಕೊನೆಯ ವರ್ಷಗಳನ್ನು ಕಳೆದು ೧೯೬೦ನೆಯ ಜನವರಿ ೩೦ರಂದು ತೀರಿಕೊಂಡರು.

ಅವರ ವಿಚಾರವನ್ನು ಇಂದು ಕೆದಕುವುದಕ್ಕೆ ಕಾರಣವು ನಮ್ಮ ಬಳ್ಳಾರಿಯೇ. ಅದುರನ್ನು ಅಗೆದು ಮಾರಿ ಬಂದ ರಾಜಧನವನ್ನು ಬೊಕ್ಕಸವು ವರ್ಷದ ಉತ್ಪನ್ನವೆಂದು ಬರೆದುಕೊಳ್ಳುತ್ತದೆ. ಅಜ್ಜನ ಹೊಲವನ್ನು ಮಾರಿದವನು ಆ ಹಣವನ್ನು ಈ ವರ್ಷದ ಸುಗ್ಗಿಯೆಂದು ಬರೆದರೆ ಯಾವ ಲೆಕ್ಕಪರಿಶೋಧಕನೂ ಸಹಿ ಹಾಕನು. ೨೦೧೦ರಲ್ಲಿ ರಾಜ್ಯವು ಅದುರಿನ ರಫ್ತನ್ನು ನಿಷೇಧಿಸಿತು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಣಿಗಾರಿಕೆಯನ್ನೇ ನಿಲ್ಲಿಸಿತು. ಆಮೇಲೆ ಮಿತಿ ಹಾಕಿ ಬಿಟ್ಟಿತು. ೨೦೨೨ರಲ್ಲಿ ರಫ್ತಿಗೂ ಅನುಮತಿ ಸಿಕ್ಕಿತು. ಕೆಟ್ಟ ನೆಲವನ್ನು ಸರಿಪಡಿಸಲೆಂದು ನಿಧಿಯೂ ನಿಗಮವೂ ಆದವು. ಇದೆಲ್ಲವೂ ನ್ಯಾಯಾಲಯದ ಬಲದಿಂದ ಆದದ್ದು, ಆಯವ್ಯಯದ ವಿವೇಕದಿಂದಲ್ಲ. ಕೇಂದ್ರದ ಕಥೆಯೂ ಹಾಗೆಯೇ. ೨೦೧೦ರಲ್ಲಿ ಶುದ್ಧ ಶಕ್ತಿಗಾಗಿ ಕಲ್ಲಿದ್ದಲಿನ ಮೇಲೆ ಟನ್ನಿಗೆ ೫೦ ರೂಪಾಯಿ ಮೇಲ್ತೆರಿಗೆ ಹಾಕಿದರು. ೨೦೧೬ರ ವೇಳೆಗೆ ಅದು ೪೦೦ ಆಯಿತು. ೨೦೧೭ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಆ ಹಣವು ರಾಜ್ಯಗಳ ನಷ್ಟಪರಿಹಾರದ ಚೀಲಕ್ಕೆ ಹೋಯಿತು. ಎತ್ತಿದ್ದು ಒಂದಕ್ಕೆ, ಇಟ್ಟದ್ದು ಇನ್ನೊಂದಕ್ಕೆ.

ಕಾಡನ್ನು ಉಳಿಸಿಕೊಂಡ ರಾಜ್ಯಕ್ಕೆ ತೆರಿಗೆಯ ಹಂಚಿಕೆಯಲ್ಲಿ ಪಾಲು ಸಲ್ಲಬೇಕೆಂಬುದನ್ನು ಹಣಕಾಸು ಆಯೋಗಗಳು ಈಚೆಗೆ ಒಪ್ಪಿವೆ: ಹದಿನಾಲ್ಕನೆಯದು ಅದಕ್ಕೆ ಶೇಕಡ ೭.೫ರ ತೂಕವನ್ನೂ, ಹದಿನೈದನೆಯದು ಶೇಕಡ ೧೦ರ ತೂಕವನ್ನೂ ಕೊಟ್ಟಿತು. ಆದರೂ ಸಹ್ಯಾದ್ರಿಯ ಕಾಡನ್ನು ಹೊತ್ತ ಕರ್ನಾಟಕದ ಒಟ್ಟು ಪಾಲು ಹದಿನಾಲ್ಕನೆಯ ಆಯೋಗದ ಶೇಕಡ ೪.೭೧೩ರಿಂದ, ೨೦೨೧ರಿಂದ ೨೦೨೬ರವರೆಗಿನ ಅವಧಿಗೆ ೩.೬೪೭ಕ್ಕೆ ಇಳಿಯಿತು. ಪಾಲು ಕೇಳುವಾಗ ನಮ್ಮವರು ತಲಾ ಆದಾಯವನ್ನೂ ಜನಸಂಖ್ಯೆಯನ್ನೂ ಕುರಿತೇ ಹೆಚ್ಚು ವಾದಿಸಿದರು. ಯಾವ ಕಾಡಿನಿಂದ ಯಾವ ನದಿ ಹುಟ್ಟಿ ಎಷ್ಟು ಎಕರೆಗೆ ನೀರುಣಿಸುತ್ತದೆ, ಯಾವ ಬೆಟ್ಟದಿಂದ ಎಷ್ಟು ಅದುರು ಖಾಲಿಯಾಗಿದೆ ಎಂಬುದನ್ನು ಆಯವ್ಯಯದೊಡನೆ ಪ್ರತಿವರ್ಷವೂ ಒಂದು ಪುಟದಲ್ಲಾದರೂ ಶಾಸನಸಭೆಯ ಮುಂದಿಡಬೇಕೆಂದು ನಾವು ಕೇಳುತ್ತೇವೆ. ಕೇಂದ್ರದ ಅಂಕಿಅಂಶ ಇಲಾಖೆಯು ೨೦೧೮ರಿಂದ ಪರಿಸರದ ಲೆಕ್ಕವನ್ನು ಪ್ರಕಟಿಸುತ್ತ ಬಂದಿದೆ, ಮಾದರಿಗೆ ಕೊರತೆಯಿಲ್ಲ.