ಡಿಸ್ಕೊ ತಾಳಕ್ಕೆ ಹತ್ತು ರಾಗ

ಸಂಗೀತ ಪಾಠಕ್ಕೆ ಸೇರಿದ ಮಕ್ಕಳು ಮೊದಲು ಹಾಡುವುದು ಸರಳೆ ವರಸೆ. ರಾಗ ಮಾಯಾಮಾಳವಗೌಳ. ಏರುವಾಗ ಎಂಟು ಸ್ವರ, ಇಳಿಯುವಾಗ ಎಂಟು, ಒಟ್ಟು ಹದಿನಾರು. ನಾಲಿಗೆಗೆ ಕೂರುವವರೆಗೆ ಹೇಳಿದ್ದನ್ನೇ ಹೇಳಬೇಕು. ಪಕ್ಕದ ಕೋಣೆಯಲ್ಲಿ ಕುಳಿತ ಅಪ್ಪ ಅಮ್ಮಂದಿರಿಗೂ ಅದು ಬಾಯಿಪಾಠವಾಗಿಬಿಡುತ್ತದೆ! ಇದೇ ಸ್ವರಗಳ ಹಿಂದೂಸ್ತಾನಿ ರಾಗ ಭೈರವ್. 1982ರಲ್ಲಿ ಮುಂಬಯಿಯ ವಾದ್ಯಗಾರರೊಬ್ಬರು ಈ ಭೈರವ್ ರಾಗವನ್ನು ಜಪಾನಿನ ಮೂರು ಯಂತ್ರಗಳ ಮೇಲೆ ನುಡಿಸಿ ಧ್ವನಿಮುದ್ರಿಸಿದರು. ಅವರ ಹೆಸರು ಚರಣಜಿತ್ ಸಿಂಗ್.

ಹಿಂದಿ ಚಿತ್ರಗೀತೆಗಳನ್ನು ಕೇಳುವವರು ಇವರ ಕೈಚಳಕವನ್ನು ಗೊತ್ತಿಲ್ಲದೆಯೇ ಕೇಳಿರುತ್ತಾರೆ. ಶಂಕರ್-ಜೈಕಿಶನ್, ಆರ್.ಡಿ. ಬರ್ಮನ್, ಲಕ್ಷ್ಮೀಕಾಂತ್-ಪ್ಯಾರೇಲಾಲ್ ಮುಂತಾದವರ ವಾದ್ಯವೃಂದದಲ್ಲಿ ಗಿಟಾರು, ಸಿಂಥಸೈಜರ್ ನುಡಿಸುತ್ತಿದ್ದವರು ಇವರು. ಇಂಥ ಕಲಾವಿದರ ಹೆಸರು ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಬರುತ್ತಿದ್ದುದೇ ಅಪರೂಪ. ಸ್ಟುಡಿಯೋಗೆ ಹೋಗುವುದು, ಬರೆದುಕೊಟ್ಟ ಸ್ವರ ನುಡಿಸುವುದು, ಸಂಭಾವನೆ ಪಡೆದು ಮನೆಗೆ ಬರುವುದು, ಇಷ್ಟೇ. ಮದುವೆ ಸಮಾರಂಭಗಳಲ್ಲೂ ಅವರ ತಂಡ ನುಡಿಸುತ್ತಿತ್ತು.

ಆಗ ಎಲ್ಲೆಲ್ಲೂ ಡಿಸ್ಕೊ ಗಾಳಿ. 1980ರ 'ಕುರ್ಬಾನಿ' ಚಿತ್ರದ 'ಆಪ್ ಜೈಸಾ ಕೋಯಿ' ಹಾಡು ದೇಶವನ್ನೇ ಕುಣಿಸಿತ್ತು. (ಅದಕ್ಕೆ ಸಂಗೀತ ಕೊಟ್ಟ ಬಿದ್ದು ಅಪ್ಪಯ್ಯ ನಮ್ಮ ಬೆಂಗಳೂರಿನವರು, ಕೊಡವ ಮನೆತನದವರು.) ತಬಲಾವನ್ನು ಬದಿಗಿಟ್ಟು ಡಿಸ್ಕೊ ತಾಳದ ಮೇಲೆ ರಾಗ ನುಡಿಸಿದರೆ ಹೇಗೆ ಎಂಬುದು ಚರಣಜಿತ್ ಸಿಂಗರಿಗೆ ಹೊಳೆದ ಯೋಚನೆ. ಹಾಗೆ ಬಂದ ಧ್ವನಿಮುದ್ರಿಕೆಯೇ 'ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್'. ಭೈರವ್, ಲಲಿತ್, ಭೂಪಾಲಿ, ತೋಡಿ, ಮಧುವಂತಿ, ಮೇಘ ಮಲ್ಹಾರ್, ಯಮನ್, ಕಲಾವತಿ, ಮಾಲ್ಕೌಂಸ್, ಬೈರಾಗಿ, ಹೀಗೆ ಹತ್ತು ರಾಗ. ಒಂದೊಂದಕ್ಕೆ ಸುಮಾರು ಐದು ನಿಮಿಷ. ಕರ್ನಾಟಕ ಸಂಗೀತ ಕಲಿಯುವವರಿಗೆ ಭೂಪಾಲಿ ಎಂದರೆ ಮೋಹನ, ಮಾಲ್ಕೌಂಸ್ ಎಂದರೆ ಹಿಂದೋಳ, ಯಮನ್ ಎಂದರೆ ಹೆಚ್ಚುಕಡಿಮೆ ಕಲ್ಯಾಣಿ, ಬೈರಾಗಿ ಎಂದರೆ ರೇವತಿ. ತೋಡಿಯ ಬಗ್ಗೆ ಮಾತ್ರ ಎಚ್ಚರ! ಹಿಂದೂಸ್ತಾನಿ ತೋಡಿಯ ಸ್ವರಗಳು ನಮ್ಮ ಶುಭಪಂತುವರಾಳಿಯವು.

ಮೂರೂ ಯಂತ್ರಗಳು ರೋಲಂಡ್ ಕಂಪನಿಯವು. ಟಿಆರ್-808 ತಾಳ ಹಾಕುವ ಪೆಟ್ಟಿಗೆ. ಜುಪಿಟರ್-8 ಸಿಂಥಸೈಜರ್, ರಾಗದ ಆಲಾಪ, ತಾನಗಳನ್ನು ಸಿಂಗ್ ಬೆರಳಿನಿಂದಲೇ ನುಡಿಸಿದ್ದು ಇದರ ಮೇಲೆ. ಮೂರನೆಯದು ಟಿಬಿ-303. ಒಂಟಿಯಾಗಿ ಅಭ್ಯಾಸ ಮಾಡುವ ಗಿಟಾರ್ ವಾದಕರಿಗೆ ಹಿಮ್ಮೇಳದ ಮಂದ್ರಸ್ವರ ಒದಗಿಸಲಿ ಎಂದು ಮಾಡಿದ ಪುಟ್ಟ ಯಂತ್ರ ಇದು. ಸ್ವರಗಳನ್ನು ಒಂದೊಂದಾಗಿ ತುಂಬಿಟ್ಟರೆ ಹದಿನಾರು ಮೆಟ್ಟಿಲಿನ ಆವರ್ತವನ್ನು ದಣಿವಿಲ್ಲದೆ ತಿರುಗಿಸುತ್ತದೆ; ಥೇಟ್ ಸರಳೆ ವರಸೆ ಹೇಳುವ ಮಗುವಿನ ಹಾಗೆ. ಇನ್ನೊಂದು ಗುಣವೂ ಅದಕ್ಕಿತ್ತು. ಒಂದು ಸ್ವರದಿಂದ ಇನ್ನೊಂದಕ್ಕೆ ನೆಗೆಯುವ ಬದಲು ಜಾರಿಕೊಂಡು ಹೋಗಬಲ್ಲದು. ನಾವು ಜಾರು ಎನ್ನುತ್ತೇವೆ, ಹಿಂದೂಸ್ತಾನಿಯಲ್ಲಿ ಮೀಂಡ್. ಗಿಟಾರಿನವರಿಗೆ ಈ ಯಂತ್ರ ಹಿಡಿಸಲಿಲ್ಲ, ನಿಜವಾದ ಗಿಟಾರಿನಂತೆ ಅದು ಕೇಳಿಸುತ್ತಲೂ ಇರಲಿಲ್ಲ. ಕಂಪನಿ 1984ರಲ್ಲಿ ತಯಾರಿಕೆ ನಿಲ್ಲಿಸಿತು. ಆದರೆ ರಾಗ ಬಲ್ಲವರ ಕೈಗೆ ಸಿಕ್ಕಾಗ ಆ ಜಾರುವ ಗುಣವೇ ವರವಾಯಿತು.

ಪಾಶ್ಚಾತ್ಯ ಸಂಗೀತದಲ್ಲಿ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸಿ ಆ ಗುಚ್ಛಗಳನ್ನು ಬದಲಿಸುತ್ತ ಹೋಗುತ್ತಾರೆ. ರಾಗಕ್ಕೆ ಅದರ ಗೊಡವೆ ಇಲ್ಲ. ಕೆಳಗೆ ಅಲುಗಾಡದ ಶ್ರುತಿ, ಮೇಲೆ ಒಂದೇ ಎಳೆಯ ಸಂಚಾರ. ಯಂತ್ರಕ್ಕೂ ಬೇಕಾದದ್ದು ಇದೇ: ಬದಲಾಗದ ನೆಲೆ, ಮತ್ತೆ ಮತ್ತೆ ಬರುವ ಆವರ್ತ. ಈ ಧ್ವನಿಮುದ್ರಿಕೆ ಬರೀ ತಮಾಷೆಯಾಗದೆ ಉಳಿದಿರುವುದಕ್ಕೆ ಕಾರಣ ಇದು. ಯಂತ್ರ ಓಡುತ್ತದೆಂದು ಸಿಂಗ್ ರಾಗದ ಹಾದಿ ಬಿಟ್ಟು ಓಡಲಿಲ್ಲ.

ಹಾಗೆಂದು ಎಲ್ಲವೂ ದಕ್ಕಿದೆ ಎನ್ನಲಾಗದು. ಭೈರವ್ ರಾಗದ ಜೀವ ಅದರ ರಿಷಭ, ಧೈವತಗಳ ನಿಧಾನವಾದ ಆಂದೋಲನದಲ್ಲಿದೆ. ಕೀಲಿಮಣೆಯ ಸ್ವರಸ್ಥಾನಗಳು ಹನ್ನೆರಡೇ, ಅವೂ ಗೂಟ ಹೊಡೆದ ಹಾಗೆ. ಡಿಸ್ಕೊ ವೇಗದಲ್ಲಿ ಸ್ವರ ತೂಗುವುದಕ್ಕೆ ಪುರಸೊತ್ತಾದರೂ ಎಲ್ಲಿ? ಹಾಗಾಗಿ ಭೂಪಾಲಿಯಂಥ ಐದು ಸ್ವರದ ರಾಗಗಳಿಗೆ ಈ ವೇಷ ಒಪ್ಪಿದಷ್ಟು ಭೈರವ್, ತೋಡಿಗಳಿಗೆ ಒಪ್ಪಿಲ್ಲ. ಪರೀಕ್ಷೆಗೆ ಓದುವ ಸಂಗೀತ ವಿದ್ಯಾರ್ಥಿ ಇವನ್ನು ಒಂದರ ಹಿಂದೆ ಒಂದು ಕೇಳಿದರೆ, ಗಮಕ ಎಂದರೇನು ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮಾರಾಟದ ಮಾತಿಗೆ ಬಂದರೆ, ಧ್ವನಿಮುದ್ರಿಕೆ ಸೋತಿತು. ಶಾಸ್ತ್ರೀಯ ಸಂಗೀತದವರು ಕಿವಿಗೊಡಲಿಲ್ಲ, ಕುಣಿಯುವವರಿಗೆ ಹಾಡು ಬೇಕಿತ್ತು. ಸಿಂಗ್ ತಮ್ಮ ಎಂದಿನ ಕೆಲಸಕ್ಕೆ ಮರಳಿದರು.

ಇತ್ತ ಅಮೆರಿಕದ ಷಿಕಾಗೋದಲ್ಲಿ 'ಫ್ಯೂಚರ್' ಎಂಬ ಯುವಕರ ತಂಡಕ್ಕೆ ಅದೇ 303 ಯಂತ್ರ ಸಿಕ್ಕಿತು. ಅದರ ಗುಂಡಿಗಳನ್ನು ತಿರುಗಿಸುತ್ತ ಅವರು ಹೊರಡಿಸಿದ ಕಿರುಚು ನಾದ 1987ರಲ್ಲಿ 'ಆಸಿಡ್ ಟ್ರ್ಯಾಕ್ಸ್' ಎಂದು ಹೊರಬಂತು. 'ಆಸಿಡ್ ಹೌಸ್' ಎಂಬ ನೃತ್ಯಸಂಗೀತ ಯುರೋಪಿಗೂ ಹಬ್ಬಿತು. 2010ರಲ್ಲಿ ನೆದರ್‌ಲೆಂಡ್ಸಿನ 'ಬಾಂಬೆ ಕನೆಕ್ಷನ್' ಸಂಸ್ಥೆ ಸಿಂಗರ ಧ್ವನಿಮುದ್ರಿಕೆಯನ್ನು ಮತ್ತೆ ಹೊರತಂದಾಗ ಕೇಳಿದವರು ಬೆಚ್ಚಿದರು. ಅದೇ ಯಂತ್ರ, ಅದೇ ಬಗೆಯ ನಾದ, ಆದರೆ ಐದು ವರ್ಷ ಮೊದಲು! ಈಗಿನ ಯಾರೋ ಹಳೆಯದೆಂದು ನಂಬಿಸಲು ಮಾಡಿದ ಕೀಟಲೆ ಇದು ಎಂದು ಅನುಮಾನಿಸಿದವರೂ ಇದ್ದರು. ಷಿಕಾಗೋದ ಹುಡುಗರು ಮುಂಬಯಿಯ ಮುದ್ರಿಕೆ ಕೇಳಿದ್ದರು ಎನ್ನುವುದಕ್ಕೆ ಆಧಾರವಿಲ್ಲ. ಒಂದೇ ಯಂತ್ರದ ಒಳಗಿದ್ದ ನಾದ ಎರಡು ಊರಿನವರಿಗೆ ಬೇರೆ ಬೇರೆ ದಾರಿಯಲ್ಲಿ ಸಿಕ್ಕಿತು ಎನ್ನುವುದೇ ಸರಿಯಾದೀತು. ಮುಂಬಯಿಯವರು ಅಲ್ಲಿಗೆ ಹೋದದ್ದು ರಾಗದ ದಾರಿಯಲ್ಲಿ.

ಎಪ್ಪತ್ತು ದಾಟಿದ ಮೇಲೆ ಚರಣಜಿತ್ ಸಿಂಗರಿಗೆ ಯುರೋಪಿನಿಂದ ಕರೆ ಬಂತು. ಮೊಮ್ಮಕ್ಕಳ ವಯಸ್ಸಿನ ಕೇಳುಗರೆದುರು ವೇದಿಕೆಯ ಮೇಲೆ ನಿಂತು ತಮ್ಮ ಹತ್ತು ರಾಗಗಳನ್ನು ಮತ್ತೆ ನುಡಿಸಿದರು. 2015ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.