ಹೊಲದ ಯಂತ್ರಗಳು ಹಾಗೂ ಕಾರ್ಮಿಕರ ಜೀವರಕ್ಷಣೆ

ಬಂಕಾಪುರದ ಕೋಟೆಯು ನವಿಲುಧಾಮದಿಂದ ಹೆಸರಾಗಿರುವಂತೆಯೇ ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರದಿಂದಲೂ ಹೆಸರಾಗಿದೆ. ಒಂದು ಕಾಲಕ್ಕೆ ಈ ಭಾಗದ ಉಳುಮೆ, ಬಿತ್ತನೆ, ಹಂತಿ, ಸಾಗಣೆಗಳೆಲ್ಲ ಎತ್ತಿನ ಹೆಗಲ ಮೇಲೆಯೇ ನಡೆಯುತ್ತಿದ್ದವು. ಇಂದು ಶಿಗ್ಗಾಂವ, ಸವಣೂರು, ಹಾನಗಲ್ಲ, ಹಿರೇಕೆರೂರು ತಾಲೂಕುಗಳಲ್ಲಿ ಆ ಕೆಲಸದ ಬಹುಪಾಲನ್ನು ಟ್ರ್ಯಾಕ್ಟರು, ರೋಟವೇಟರು ಹಾಗೂ ಗೋವಿನಜೋಳದ ರಾಶಿ ಯಂತ್ರಗಳು ವಹಿಸಿಕೊಂಡಿವೆ. ಎತ್ತು ಹಾಯ್ದು, ಚಕ್ಕಡಿ ಉರುಳಿ ಹಿಂದೆ ಯಾರೂ ಸಾಯುತ್ತಿರಲಿಲ್ಲವೆಂದಲ್ಲ. ಆದರೆ ಎತ್ತು ಕೂಗಿದರೆ ನಿಲ್ಲುತ್ತದೆ, ಯಂತ್ರ ನಿಲ್ಲುವುದಿಲ್ಲ.

ಯಂತ್ರಗಳ ಸುಧಾರಣೆಯಿಂದ ಕೃಷಿ ಕಾರ್ಮಿಕರ ಸಾವು ಹೆಚ್ಚುವುದೋ, ತಗ್ಗುವುದೋ ಎಂಬ ಪ್ರಶ್ನೆಗೆ ಅನುಭವವು ನೀಡುವ ಉತ್ತರ ಸ್ಪಷ್ಟವಾಗಿದೆ. ಶಕ್ತಿ ಮೊದಲು ಬರುತ್ತದೆ, ಕಾಪು ತಡವಾಗಿ ಬರುತ್ತದೆ. ಇವೆರಡರ ನಡುವಿನ ಅವಧಿಯಲ್ಲಿಯೇ ಜೀವಗಳು ಹೋಗುತ್ತವೆ.

ಒಕ್ಕಣೆ ಯಂತ್ರದ ಚರಿತ್ರೆ ಇದಕ್ಕೆ ತಕ್ಕ ನಿದರ್ಶನ. ಹಸಿರು ಕ್ರಾಂತಿಯ ಬೆನ್ನಲ್ಲೇ ಉತ್ತರ ಭಾರತದ ಗೋಧಿ ಸೀಮೆಯಲ್ಲಿ ಇಂಜಿನ್ ಚಾಲಿತ ಒಕ್ಕಣೆ ಯಂತ್ರಗಳು ಹರಡಿದವು. ತೆನೆ ಊಡುವ ಬಾಯಿ ಗಿಡ್ಡದಾಗಿದ್ದು ತೆರೆದಿರುತ್ತಿದ್ದುದರಿಂದ, ಸುಗ್ಗಿಯ ಅವಸರದಲ್ಲಿ, ನಿದ್ದೆಗಣ್ಣಿನಲ್ಲಿ ತೆನೆ ತಳ್ಳುತ್ತಿದ್ದವರ ಕೈಗಳು ಡ್ರಮ್ಮಿಗೆ ಸಿಲುಕಿದವು. ಕೊನೆಗೆ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ರಚಿಸಬೇಕಾಯಿತು. ಕಾಯಿದೆಯು ಬಳಸುವವನನ್ನಷ್ಟೇ ಅಲ್ಲದೆ ತಯಾರಕನನ್ನೂ ಮಾರಾಟಗಾರನನ್ನೂ ಹೊಣೆಗಾರರನ್ನಾಗಿ ಮಾಡಿತೆಂಬುದನ್ನು ವರ್ತಕ ಬಾಂಧವರು ಗಮನಿಸಬೇಕು. ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 9020 ಮಾನಕವು ಸೂಚಿಸಿದ ಪರಿಹಾರವಾದರೋ ಬಲು ಸರಳ. ಊಡುವ ದೋಣಿ ಕನಿಷ್ಠ 900 ಮಿ.ಮೀ. ಉದ್ದವಿರಬೇಕು, ಅದರಲ್ಲಿ ಡ್ರಮ್ಮಿನ ಕಡೆಯ 450 ಮಿ.ಮೀ. ಭಾಗ ಮುಚ್ಚಿರಬೇಕು. ತೋಳು ಚಾಚಿದರೂ ಬೆರಳು ಹಲ್ಲಿಗೆ ತಾಗಬಾರದೆಂಬುದೇ ಇದರ ಲೆಕ್ಕ. ಒಂದಿಷ್ಟು ತಗಡು, ಒಂದಿಷ್ಟು ವೆಲ್ಡಿಂಗ್, ಇಷ್ಟೇ ಖರ್ಚು.

ಟ್ರ್ಯಾಕ್ಟರಿನ ವಿಷಯದಲ್ಲಿ ಸ್ವೀಡನ್ ದೇಶದ ಅಂಕಿಗಳು ಕಣ್ಣು ತೆರೆಸುವಂತಿವೆ. 1959ರಲ್ಲಿ ಅಲ್ಲಿ ಹೊಸ ಟ್ರ್ಯಾಕ್ಟರುಗಳಿಗೆಲ್ಲ ಉರುಳಿದಾಗ ಚಾಲಕನನ್ನು ಕಾಯುವ ಚೌಕಟ್ಟನ್ನು ಕಡ್ಡಾಯಗೊಳಿಸಲಾಯಿತು, ಕ್ರಮೇಣ ಹಳೆಯವಕ್ಕೂ ವಿಸ್ತರಿಸಲಾಯಿತು. ಲಕ್ಷ ಟ್ರ್ಯಾಕ್ಟರುಗಳಿಗೆ 1957ರಲ್ಲಿ ವರ್ಷಕ್ಕೆ 17ರಷ್ಟಿದ್ದ ಉರುಳು ಸಾವು 1990ರ ವೇಳೆಗೆ 0.3ಕ್ಕೆ ಇಳಿಯಿತು. ನಮ್ಮ ಹೊಲಗಳಲ್ಲಿ ಓಡುವ ಟ್ರ್ಯಾಕ್ಟರುಗಳಲ್ಲಿ ಬಹುತೇಕ ಇಂಥ ಚೌಕಟ್ಟಿಲ್ಲದವು. ಮಳೆಗಾಲದಲ್ಲಿ ಕರಿನೆಲದಲ್ಲಿ ಹೂತ ಹಿಂಗಾಲಿಗಳಿಗೆ ಮರದ ದಿಮ್ಮಿ ಕಟ್ಟಿ ಮೇಲೆಬ್ಬಿಸುವ ರೂಢಿ ವಿಶೇಷವಾಗಿ ಅಪಾಯಕರ. ಗಾಲಿ ತಿರುಗಲಾರದೆ ನಿಂತಾಗ ಇಂಜಿನ್ನಿನ ಬಲವು ಟ್ರ್ಯಾಕ್ಟರಿನ ಮೂತಿಯನ್ನೇ ಮೇಲೆತ್ತುತ್ತದೆ. ಅದು ಹಿಮ್ಮುಖವಾಗಿ ಮಗುಚಲು ಒಂದೂವರೆ ಸೆಕೆಂಡು ಸಾಕು. ಎಂಥ ನುರಿತ ಚಾಲಕನಿಗೂ ಜಿಗಿಯಲು ಸಮಯವಿರುವುದಿಲ್ಲ.

ಸ್ಥಳೀಯ ಕಾರ್ಯಾಗಾರಗಳಿಗೆ ಹೆಚ್ಚು ಸಂಬಂಧಪಟ್ಟದ್ದು ಟ್ರ್ಯಾಕ್ಟರಿನಿಂದ ರಾಶಿ ಯಂತ್ರಕ್ಕೆ ಶಕ್ತಿ ಒಯ್ಯುವ ಪಿ.ಟಿ.ಓ. ದಂಡ. ಇದು ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ಮೂರು ಅಂಗುಲ ದಪ್ಪದ ದಂಡವು ಒಂದು ಸೆಕೆಂಡಿನಲ್ಲಿ ಎರಡು ಮೀಟರಿಗೂ ಮಿಕ್ಕಿ ಬಟ್ಟೆಯನ್ನು ಸುತ್ತಿಕೊಳ್ಳಬಲ್ಲದು. ಕಣದಲ್ಲಿ ಕಾಳು ಗುಡಿಸುವ ಹೆಣ್ಣುಮಕ್ಕಳ ಸೆರಗು, ಗಂಡಸರ ಧೋತರ, ಹೆಗಲ ಮೇಲಿನ ಟವೆಲು ಇವೆಲ್ಲ ಆ ದಂಡಕ್ಕೆ ಸಮಾನ. ಸಡಿಲ ಉಡುಪು ಧರಿಸಬೇಡಿರೆಂದು ಬೋಧಿಸುವುದು ಸುಲಭ. ಆದರೆ ಕೂಲಿಗೆ ಬಂದವರು ಉಟ್ಟ ಬಟ್ಟೆಯಲ್ಲೇ ಬರುತ್ತಾರೆ, ಆದ್ದರಿಂದ ಮುಚ್ಚಬೇಕಾದುದು ದಂಡವನ್ನು.

ಟ್ರ್ಯಾಲಿಗಳ ಮಾತೂ ಇಲ್ಲಿ ಬರುತ್ತದೆ. ಪುಣೆ-ಬೆಂಗಳೂರು ಹೆದ್ದಾರಿ ಈ ಸೀಮೆಯನ್ನು ಸೀಳಿಕೊಂಡು ಹೋಗಿರುವುದರಿಂದ, ಹಿಂದೀಪವಾಗಲಿ ಪ್ರತಿಫಲಕವಾಗಲಿ ಇಲ್ಲದ ಟ್ರ್ಯಾಲಿ ರಾತ್ರಿಯಲ್ಲಿ ಮೃತ್ಯುವೇ ಸರಿ.

ಇದರಿಂದ ವ್ಯಾಪಾರಕ್ಕೆ ನಷ್ಟವೆಂದು ಭಾವಿಸಬೇಕಾಗಿಲ್ಲ. ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನ 2014-15ರಲ್ಲಿ ಆರಂಭವಾದಂದಿನಿಂದ ಸಹಾಯಧನದ ಯಂತ್ರಗಳಿಗೆ ಅಧಿಕೃತ ಪರೀಕ್ಷೆ ಮುಖ್ಯವಾಗಿದೆ. ದಕ್ಷಿಣ ರಾಜ್ಯಗಳಿಗೆ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರಕಾರದ ಪರೀಕ್ಷಾ ಸಂಸ್ಥೆಯಿದೆ. ಅದೇ ವರ್ಷ ರಾಜ್ಯದಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಕೇಂದ್ರಗಳ ಮೂಲಕ ಹೋಬಳಿ ಮಟ್ಟದಲ್ಲಿ ಯಂತ್ರಗಳು ಬಾಡಿಗೆಗೆ ದೊರೆಯುವಂತಾದವು. ಬಾಡಿಗೆಯ ಯಂತ್ರವು ಹತ್ತಾರು ಕಣ ಸುತ್ತುತ್ತದೆ, ಪ್ರತಿ ಕಣದಲ್ಲೂ ಹೊಸ ಕೈಗಳು ಅದನ್ನು ಮುಟ್ಟುತ್ತವೆ.

ಆದರೂ ಪರೀಕ್ಷೆ ಗೆದ್ದ ಯಂತ್ರದ ಕಾಪು ಎರಡನೆಯ ಸುಗ್ಗಿಯವರೆಗೆ ಉಳಿಯುವುದೇ ವಿರಳ. ಗ್ರೀಸು ಹಾಕಲು ಬಿಚ್ಚಿದ ತಗಡು ಮನೆಯ ಹಿತ್ತಲು ಸೇರುತ್ತದೆ. ನಾಲ್ಕು ಬೋಲ್ಟುಗಳಿಗೆ ಬದಲಾಗಿ ಒಂದು ಬದಿಗೆ ಬಿಜಾಗರಿ, ಇನ್ನೊಂದು ಬದಿಗೆ ಚಿಲಕ ಇಟ್ಟರೆ ತಗಡನ್ನು ಕಳಚದೆಯೇ ಗ್ರೀಸು ಹಾಕಬಹುದು. ಹೊರಗಿನಿಂದಲೇ ಗ್ರೀಸು ತುಂಬುವಂತೆ ನಿಪ್ಪಲಿಗೆ ಒಂದು ಕೊಳವೆ ಕೊಟ್ಟರಂತೂ ಕಾಪನ್ನು ತೆರೆಯುವ ಪ್ರಮೇಯವೇ ಇರುವುದಿಲ್ಲ. ಇದನ್ನು ಮಾಡಲು ದೊಡ್ಡ ಕಾರಖಾನೆ ಬೇಕಿಲ್ಲ, ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಅರ್ಧ ದಿನದಲ್ಲಿ ಮುಗಿಯುವ ಕೆಲಸವಿದು.